ರಾಗಿ ಡ್ರಮ್ಮಿನ ದಿಬ್ಬಣ

ಅಳಿಸು ಅಂದರೆ ಸುನಂದಾಗೆ ಮೈಯೆಲ್ಲ ಉರಿಯುತ್ತಿತ್ತು. ಏಳು ವರ್ಷ ಒಂದೇ ಸ್ಟುಡಿಯೋದಲ್ಲಿ ಅವಳ ಕೈಲಿ ಬೈಸಿಕೊಂಡವನು ಹೇಳುತ್ತಿದ್ದೇನೆ, ನಂಬಿ. ನಾನು ಕ್ಯಾಮೆರಾದವನು, ಹೆಸರು ಈರೇಶ್. ತಿಪಟೂರಿನ ಸುತ್ತ ಮದುವೆ, ಗೃಹಪ್ರವೇಶ, ನಾಮಕರಣ ಎಲ್ಲಿದ್ದರೂ ಕ್ಯಾಮೆರಾ ಹೊತ್ತು ಹೋಗುತ್ತಿದ್ದೆ. ನಾನು ಹಿಡಿದು ತಂದದ್ದನ್ನು ಕಂಪ್ಯೂಟರಿಗೆ ಇಳಿಸಿ, ಕತ್ತರಿಸಿ, ಹಾಡು ಸೇರಿಸಿ, ಮೇಲೊಂದಿಷ್ಟು ಹೂವು ಉದುರಿಸಿ ಕೊಡುವವಳು ಸುನಂದಾ. ಆ ಕೆಲಸಕ್ಕೆ ಮಿಕ್ಸಿಂಗ್ ಅನ್ನುತ್ತಾರೆ. ಜನ ಅವಳನ್ನೂ ಮಿಕ್ಸಿಂಗ್ ಸುನಂದಾ ಅಂತಲೇ ಕರೆದುಬಿಟ್ಟರು.

ಮೂರು ಗಂಟೆ ಮದುವೆ ಹಿಡಿದರೆ ನಲವತ್ತು ಜಿಬಿ ತುಂಬುತ್ತದೆ. 2003ರಲ್ಲಿ ನಮ್ಮ ಕಂಪ್ಯೂಟರಿನಲ್ಲಿದ್ದದ್ದೇ ಎಂಬತ್ತು ಜಿಬಿ. ಎರಡು ಮದುವೆ ಒಳಗೆ ಕೂತರೆ ಮೂರನೆಯದು ಹೊರಗೆ ನಿಲ್ಲಬೇಕು. ಹಾಗಾಗಿ ಎಲ್ಲ ಸ್ಟುಡಿಯೋದವರೂ ಕ್ಯಾಸೆಟ್ ಕೊಟ್ಟ ದಿನವೇ ಕಂಪ್ಯೂಟರನ್ನು ಒರೆಸಿಬಿಡುತ್ತಿದ್ದರು. ನಾವು ಶೂಟಿಂಗ್ ಮಾಡಿದ ಪುಟ್ಟ ಕ್ಯಾಸೆಟ್ಟುಗಳ ಮೇಲೂ ಮುಂದಿನ ಮದುವೆ ಹಿಡಿಯುತ್ತಿದ್ದೆವು. ಒಂದೇ ಕ್ಯಾಸೆಟ್ಟಿನಲ್ಲಿ ಐದು ಜೋಡಿಗೆ ತಾಳಿ ಕಟ್ಟಿಸಿದ್ದೇನೆ ನಾನು. ಆಗ ನಾಚಿಕೆಯೇನೂ ಆಗಿರಲಿಲ್ಲ.

ಸ್ಟುಡಿಯೋ ಯಜಮಾನರು ಶಂಭುಲಿಂಗಯ್ಯ. ಮದುವೆ ಸೀಸನ್ ಬಂತೆಂದರೆ ದಿನಾ ಅವರದೂ ಇವಳದೂ ಜಟಾಪಟಿ.

"ಪಾರ್ಟಿಗೆ ಕ್ಯಾಸೆಟ್ ಕೊಟ್ಟಾಯ್ತು, ಇನ್ಯಾಕೆ ಮಡಿಕ್ಕೊಂಡಿದೀಯ? ಅಳ್ಸಮ್ಮ ತಾಯಿ."

"ಅಳ್ಸೋದು ಒಂದ್ ನಿಮಿಷದ ಕೆಲ್ಸ ಸಾರ್. ಆಮ್ಯಾಲೆ ಬೇಕು ಅಂದ್ರೆ ನೀವ್ ತಂದ್ಕೊಡ್ತೀರಾ?"

ಈ ಹಟಕ್ಕೆ ಕಾರಣ ಇತ್ತು. ಅವಳ ಮದುವೆಯಲ್ಲಿ ಧಾರೆ ಎರೆದ ಅಪ್ಪ ಆರೇ ತಿಂಗಳಿಗೆ ತೀರಿಕೊಂಡರು. ಮದುವೆ ಕ್ಯಾಸೆಟ್ ಹಾಕಿ ನೋಡಿದರೆ, ಧಾರೆಯ ಹೊತ್ತಿಗೆ ಸರಿಯಾಗಿ ಅಪ್ಪನ ಮುಖದ ಮೇಲೆ ಒಂದು ಕೆಂಪು ಹಾರ್ಟು, ಅದರೊಳಗೆ ಗಂಡು ಹೆಣ್ಣು. ಹಾರ್ಟು ಹಾಕದ ಮೊದಲಿನ ಕ್ಯಾಸೆಟ್ ಕೊಡಿ ಎಂದು ಅದನ್ನು ಹಿಡಿದ ಸ್ಟುಡಿಯೋಗೆ ಹೋದಳು. "ನಮ್ಮಪ್ಪನ್ ಮ್ಯಾಲೆ ಯಾರ್ದೋ ಗೃಹಪ್ರವೇಶ ಹಿಡ್ದಿದ್ರು ಕಣಣ್ಣ" ಎಂದು ಒಮ್ಮೆ ನನಗೆ ಹೇಳಿದಳು. ಅಳಲಿಲ್ಲ, ಹಲ್ಲು ಕಚ್ಚಿಕೊಂಡು ಹೇಳಿದಳು. ಮಿಕ್ಸಿಂಗ್ ಕಲಿತದ್ದೇ ಆಮೇಲೆ.

ಆದ್ದರಿಂದ ಪ್ರತಿ ಮದುವೆಯನ್ನೂ ಮೂರು ಕಡೆ ಇಡುತ್ತಿದ್ದಳು. ಒಂದು, ಸ್ಟುಡಿಯೋ ಕಂಪ್ಯೂಟರಿನಲ್ಲಿ ಒಂದೆರಡು ಜಿಬಿಗೆ ಕುಗ್ಗಿಸಿ, "ಹಳೇ ಹಾಡು" ಎಂದು ಹೆಸರು ಬರೆದು ಬಚ್ಚಿಟ್ಟದ್ದು. ಜಾಗ ಸಾಲದಾದಾಗ ಹಾಡಿನ ಮೂಟೆ ಕಡಿಮೆ ಮಾಡುತ್ತಿದ್ದಳೇ ಹೊರತು ಮದುವೆಗೆ ಕೈ ಹಚ್ಚುತ್ತಿರಲಿಲ್ಲ. ಇನ್ನೊಂದು, ಕಂಪ್ಯೂಟರ್ ಅಂಗಡಿಯಲ್ಲಿ ಬೇಡಿ ತಂದ ಹಳೆ ಹಾರ್ಡ್ ಡಿಸ್ಕುಗಳಲ್ಲಿ. ಅವನ್ನು ಟವೆಲಿನಲ್ಲಿ ಸುತ್ತಿ ಹೊನ್ನವಳ್ಳಿಯ ಗಂಡನ ಮನೆ ಅಟ್ಟದಲ್ಲಿ, ಕೊಬ್ಬರಿಗೆ ಹಾಕಿದ ಕಾಯಿ ರಾಶಿಯ ಪಕ್ಕ ಇಡುತ್ತಿದ್ದಳು. ಅಲ್ಲಿ ತೇವ ಸುಳಿಯುವುದಿಲ್ಲ. ಮೂರನೆಯದು ಆ ಪುಟ್ಟ ಕ್ಯಾಸೆಟ್ಟುಗಳು. ಬದಲಿಗೆ ಹೊಸದು ತಂದು ನನ್ನ ಕೈಗಿಟ್ಟು, ಹಿಡಿದದ್ದನ್ನು ತಾನು ಇಟ್ಟುಕೊಳ್ಳುತ್ತಿದ್ದಳು. ಅವು ಎಲ್ಲಿಗೆ ಹೋಗುತ್ತಿದ್ದವೋ ನನಗೆ ಗೊತ್ತಿರಲಿಲ್ಲ. ನಾನಂತೂ ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದೆ.

2003ರ ಬೇಸಿಗೆಯಲ್ಲಿ ಹೊನ್ನವಳ್ಳಿಯ ಗಂಗರಾಜು ತಮ್ಮ ತೋಟದಲ್ಲೇ ಚಪ್ಪರ ಹಾಕಿ ಮಗಳ ಮದುವೆ ಮಾಡಿದರು. ನಾನೇ ಹಿಡಿದದ್ದು. ಗಂಡಿನ ದಿಬ್ಬಣ ಅವರ ಜಮೀನಿನೊಳಗೇ ಹಾಯುವ ಗಾಡಿ ದಾರಿಯಲ್ಲಿ ಬಂತು. ಪಕ್ಕದ ತೋಟದ ತಿಮ್ಮಕ್ಕನ ಗೇಟು ದಾಟಿಯೇ ಬರಬೇಕು. ತಿಮ್ಮಕ್ಕ ಗಂಡನಿಲ್ಲದ ಹೆಂಗಸು, ನಲವತ್ತು ತೆಂಗಿನ ಮರದ ಒಡತಿ. ಗಂಗರಾಜು ಆಮೇಲೆ ಸ್ಟುಡಿಯೋಗೆ ಬಂದು, ದಿಬ್ಬಣಕ್ಕೆ ಹಿಮದ ಬೆಟ್ಟ ಹಾಕಿ ಅಂದರು. ಸುನಂದಾ ದಿಬ್ಬಣವನ್ನು ಒಂದು ಮೊಟ್ಟೆಯಾಕಾರದೊಳಗೆ ಕೂರಿಸಿ, ಸುತ್ತ ಬಿಳೀ ಬೆಟ್ಟ ನಿಲ್ಲಿಸಿ, ಮಾತೆಲ್ಲ ತೆಗೆದು ನಾದಸ್ವರ ತುಂಬಿ ಕೊಟ್ಟಳು.

ಎರಡು ವರ್ಷ ಕಳೆದು ಗಂಗರಾಜು ಆ ಗಾಡಿ ದಾರಿಗೆ ಕಲ್ಲುಕಂಬ ನೆಟ್ಟು ತಂತಿ ಬಿಗಿದರು. ಇಲ್ಲಿ ದಾರಿಯೇ ಇರಲಿಲ್ಲವಂತೆ! ತಿಮ್ಮಕ್ಕನ ತೋಟಕ್ಕೆ ಬೇರೆ ದಾರಿಯಿಲ್ಲ. ಬಿದ್ದ ಕಾಯಿ ಬುಡದಲ್ಲೇ ಮೊಳಕೆ ಒಡೆಯತೊಡಗಿದವು. ಆಕೆ ತಹಸೀಲ್ದಾರರಿಗೆ ಅರ್ಜಿ ಕೊಟ್ಟಳು. ವಿಚಾರಣೆಯಲ್ಲಿ ಆಕೆ, "ನಿನ್ ಮಗಳ ದಿಬ್ಬಣನೇ ಈ ದಾರೀಲಿ ಬಂತಲ್ಲಪ್ಪ" ಅಂದಾಗ ಗಂಗರಾಜು ಧೈರ್ಯವಾಗಿ ಮದುವೆ ಕ್ಯಾಸೆಟ್ಟನ್ನೇ ಹಾಕಿಸಿದರು. ಬೆಟ್ಟ, ಹಿಮ, ನಾದಸ್ವರ. ದಾರಿ ಎಲ್ಲಿದೆ? ಗಂಗರಾಜುಗೆ ಹೆದರಿ ಊರಿನವರು ಯಾರೂ ಸಾಕ್ಷಿ ಹೇಳಲಿಲ್ಲ. ತಹಸೀಲ್ದಾರರು ಹದಿನೈದು ದಿನ ಕೊಟ್ಟು, ಬೇರೆ ಪುರಾವೆ ತನ್ನಿ ಎಂದರು.

ತಿಮ್ಮಕ್ಕ ಸೀದಾ ಸುನಂದಾ ಮನೆಗೆ ಬಂದಳು. ಆ ಸುದ್ದಿ ಗಂಗರಾಜು ಕಿವಿಗೆ ಬಿದ್ದು, ಮರುದಿನವೇ ಅವರು ಸ್ಟುಡಿಯೋದಲ್ಲಿ ಹಾಜರು.

"ನನ್ ಮಗ್ಳು ಮದ್ವೆ, ನನ್ ವಿಡಿಯೋ. ಅಳ್ಸಿ ಅಂದ್ರೆ ಅಳ್ಸಬೇಕು."

"ಮದ್ವೆ ನಿಮ್ದೇ, ಯಾರಿಲ್ಲ ಅಂದ್ರು?" ಸುನಂದಾ ಕುರ್ಚಿಯಿಂದ ಏಳಲೂ ಇಲ್ಲ. "ದಾರಿ ನಿಮ್ದಲ್ಲ ಕಣ್ರೀ. ನಾನ್ ಅಳ್ಸಲ್ಲ."

ಅವಳು ಅಳಿಸಲಿಲ್ಲ, ಶಂಭುಲಿಂಗಯ್ಯ ಅಳಿಸಿದರು. ಅವಳನ್ನು ಹೊರಗೆ ಕಳಿಸಿ, ಇಡೀ ಡಿಸ್ಕನ್ನೇ ಒರೆಸಿ ಹಾಕಿದರು. ನಾನು ಅಲ್ಲೇ ನಿಂತಿದ್ದೆ, ತುಟಿ ಬಿಚ್ಚಲಿಲ್ಲ. ಆ ಹೇಡಿತನ ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯ.

ಸುನಂದಾ ಬಸ್ಸು ಹಿಡಿದು ಹೊನ್ನವಳ್ಳಿಗೆ ಹೋದಳು. ಮನಸ್ಸು ತಡೆಯದೆ ನಾನೂ ಬೈಕಿನಲ್ಲಿ ಹಿಂದೆಯೇ ಹೋದೆ. ಮನೆ ಮುಂದೆ ಅವಳ ಅತ್ತೆ ರಂಗಮ್ಮ ಕಾಯಿ ರಾಶಿಯ ನಡುವೆ ಕೂತಿದ್ದರು, ಮುಖದಲ್ಲಿ ಸಂತೋಷ. ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಟಗಟ ಅನ್ನುತ್ತದೆ; ಹಾಗಂದದ್ದನ್ನು ಅಟ್ಟದಿಂದ ಕೆಳಕ್ಕೆ ಎಸೆದು ಸುಲಿಸುತ್ತಾರೆ.

"ಬಾರವ್ವ. ನೀನ್ ಮಡಗಿದ್ಯಲ್ಲ ಆ ಕಬ್ಬಿಣದ ಡಬ್ಬಿಗಳು, ಕಾಯಿ ನೋಡ್ದಾಗೆಲ್ಲ ಅವನ್ನೂ ಅಲ್ಲಾಡಿಸಿ ನೋಡ್ತಿದ್ದೆ. ಇಷ್ಟ್ ದಿನ ಹಸಿಯಾಗಿದ್ವು. ಇವತ್ತು ಒಂದು ಗಟಗಟ ಅಂತು ನೋಡು! ಕಾಯಿ ಜೊತೇಲೆ ಎಸ್ದೆ."

ಅದು ಗಂಗರಾಜು ಮಗಳ ಮದುವೆಯ ಡಿಸ್ಕೇ. ಸುನಂದಾ ಅದನ್ನು ಕೈಗೆತ್ತಿಕೊಂಡು ಕಿವಿಯ ಹತ್ತಿರ ಹಿಡಿದಳು; ಒಳಗೆ ಮುರಿದ ಚೂರುಗಳ ಸದ್ದು. ಬೈಯುತ್ತಾಳೆ ಅಂದುಕೊಂಡೆ. "ಹೋಗ್ಲಿ ಬುಡಿ ಅತ್ತೆ, ಇಷ್ಟ್ ದಿನ ನೀವೇ ಕಾಯ್ಕೊಂಡಿದ್ರಲ್ಲ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಣ್ಣ, ಬೈಕಿನಾಗೆ ಪೆಟ್ರೋಲ್ ಐತಾ? ಕಂದಿಕೆರೆಗೆ ನಡಿ" ಅಂದಳು.

ಕಂದಿಕೆರೆ ಅವಳ ತವರು. ಅವಳ ಅವ್ವ ರಾಗಿ ತುಂಬಿದ ದೊಡ್ಡ ಡ್ರಮ್ಮಿನ ಮುಚ್ಚಳ ತೆಗೆದರು. ಸುನಂದಾ ಭುಜದವರೆಗೂ ಕೈ ಇಳಿಸಿ, ರಾಗಿಯೊಳಗಿಂದ ಒಂದೊಂದೇ ಸ್ಟೀಲ್ ಡಬ್ಬಿ ಎಳೆದಳು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪುಟ್ಟ ಕ್ಯಾಸೆಟ್ಟುಗಳು, ಎಲ್ಲದರ ಮೇಲೂ ಅವಳ ದುಂಡನೆ ಅಕ್ಷರ. ನಾನು ಹಿಡಿದ ನೂರಾರು ಮದುವೆ ರಾಗಿಯಲ್ಲಿ ಬೆಚ್ಚಗೆ ಕೂತಿದ್ದವು. ಒಂದಕ್ಕೂ ಬೂಷ್ಟು ಹತ್ತಿರಲಿಲ್ಲ. ಗಂಗರಾಜು ಮಗಳ ಮದುವೆಯ ಡಬ್ಬಿಯನ್ನು ನಾನೇ ಹುಡುಕಿ ತೆಗೆದೆ.

ಆ ಪುಟ್ಟ ಕ್ಯಾಸೆಟ್ಟುಗಳು ಕ್ಯಾಮೆರಾದಲ್ಲಿ ಮಾತ್ರ ಓಡುತ್ತವೆ; ಇನ್ನು ಅವನ್ನು ಹಾಕಿ ತೋರಿಸಲು ಕ್ಯಾಮೆರಾ ಬೇಕು. ಕ್ಯಾಮೆರಾ ಶಂಭುಲಿಂಗಯ್ಯನವರದು. ವಿಚಾರಣೆಯ ದಿನ ಅವರನ್ನು ಕೇಳದೆ ಹೆಗಲಿಗೆ ಹಾಕಿಕೊಂಡು ತಾಲ್ಲೂಕು ಕಚೇರಿಗೆ ನಡೆದೆ. ಕೆಲಸ ಹೋದರೆ ಹೋಗಲಿ, ಇನ್ನೊಂದು ಸಲ ಗೋಡೆಯ ಹಾಗೆ ನಿಲ್ಲುವುದು ನನ್ನಿಂದಾಗುತ್ತಿರಲಿಲ್ಲ.

ಕಚೇರಿಯ ಟೀವಿಗೆ ವೈರು ಸಿಕ್ಕಿಸಿದೆವು. ಬೆಟ್ಟವಿಲ್ಲ, ಹಿಮವಿಲ್ಲ. ಗಾಡಿ ದಾರಿ, ಎರಡು ಚಕ್ರದ ಜಾಡು, ತಿಮ್ಮಕ್ಕನ ಗೇಟು. ಗೇಟಿನಲ್ಲಿ ನೀರಿನ ಬಿಂದಿಗೆ ಹಿಡಿದ ತಿಮ್ಮಕ್ಕ. ದಿಬ್ಬಣದ ಮುಂದೆ ಜರಿ ಪೇಟದ ಗಂಗರಾಜು, ಬೀಗರ ಕೈ ಹಿಡಿದುಕೊಂಡು ಬಾಯಿ ತುಂಬ ನಗುತ್ತ: "ಹಿಂಗೇ ಬನ್ನಿ, ಹಿಂಗೇ ಬನ್ನಿ. ನಮ್ ತಾತನ ಕಾಲದಿಂದ್ಲೂ ಇದೇ ದಾರಿ ಕಣ್ರೀ. ತಿಮ್ಮಕ್ಕ, ಬೀಗರ ಕೈಕಾಲಿಗೆ ನೀರ್ ಕೊಡವ್ವ."

ಗಂಗರಾಜು ಎದ್ದು ನಿಂತು ಕೂಗಿದರು. "ಸ್ವಾಮಿ, ಇದು ನನ್ ಮಗಳ ಮದ್ವೆ! ನಮ್ಮನೆ ವಿಡಿಯೋ ತೋರ್ಸಕ್ಕೆ ಇವಳ್ಯಾರು?"

"ನಿಮ್ಮದೇ ಅಂತ ನೀವೇ ಹೇಳಿದ್ದು ಒಳ್ಳೆಯದಾಯ್ತು" ಎಂದು ತಹಸೀಲ್ದಾರರು ಅದನ್ನೂ ಬರೆಸಿಕೊಂಡರು. ಆ ವಾರವೇ ಕಂಬ ಕೀಳಿಸಲು ಆದೇಶ ಆಯಿತು. ತಿಮ್ಮಕ್ಕ ಸುನಂದಾಳ ಎರಡೂ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಹೊರಗೆ ಗಂಗರಾಜು ಕಾಯುತ್ತಿದ್ದರು. ಜೋರೆಲ್ಲ ಇಳಿದಿತ್ತು. "ಗೆದ್ಯಲ್ಲ. ಈಗ್ಲಾದ್ರೂ ಅದನ್ನ ಅಳ್ಸಿಬುಡಮ್ಮ. ಮಾನ ಹೋಯ್ತದೆ" ಅಂದರು.

ಸುನಂದಾ ಕ್ಯಾಸೆಟ್ ತೆಗೆದು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

"ಇಲ್ಲ ಕಣ್ರೀ. ಇದ್ರಾಗೆ ನೀವು ಮಗಳ ಮದ್ವೇಲಿ ನಗ್ತಾ ಇದೀರ. ನಾಳೆ ನೀವಿಲ್ದಾಗ ನಿಮ್ ಮಗ್ಳು, ನಮ್ಮಪ್ಪ ಬೇಕು ಅಂತ ನನ್ನೇ ಹುಡ್ಕೊಂಡು ಬತ್ತಾಳೆ. ಇಲ್ಲ ಅಂತ ವಾಪಸ್ ಕಳ್ಸಲಾ ನಾನು?"

ಅವಳು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಕಂದಿಕೆರೆ ಬಸ್ಸು ಹತ್ತಿದಳು.