ಡ್ರಿಲ್ಲಿಗೆ ನೀರು ಹಾಕುವ ಕೆಲಸ

ಗೋಕಾಕದ ಒಂದು ಸಣ್ಣ ಕಿವಿ-ಮೂಗು-ಗಂಟಲು ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ನಾನು ಸಿಸ್ಟರ್. ಇಪ್ಪತ್ತು ವರ್ಷದ ಮೇಲಾಯಿತು. ಬೆಳಿಗ್ಗೆ ಹೋದವಳು ಮೊದಲು ಮುಟ್ಟುವುದು ಡ್ರಿಲ್ಲನ್ನು, ಸಂಜೆ ಕಡೆಗೆ ಒರೆಸಿ ಇಡುವುದೂ ಅದನ್ನೇ. ಪೆನ್ನಿನಷ್ಟು ದಪ್ಪದ ಉಕ್ಕಿನ ಹಿಡಿಕೆ, ಅದರ ಹಿಂದೆ ಒಂದು ವೈರು, ವೈರಿನ ಆ ತುದಿಗೆ ಮೋಟಾರು, ಡಾಕ್ಟರ ಕಾಲಬುಡಕ್ಕೆ ಹೊಲಿಗೆ ಮಶೀನಿನದ್ದರ ಹಾಗೆ ಒಂದು ಪೆಡಲ್. ಹಿಡಿಕೆಯ ತುದಿಗೆ ಸಿಕ್ಕಿಸುವ ಗುಂಡನೆಯ ಹಲ್ಲಿಗೆ ಬರ್ ಅನ್ನುತ್ತಾರೆ. ದೊಡ್ಡ ಬರ್ ಜೋಳದ ಕಾಳಿನಷ್ಟು, ನಡುವಿನದು ಸಾಸಿವೆಯಷ್ಟು, ಎಲ್ಲಕ್ಕಿಂತ ಸಣ್ಣದು ಗಸಗಸೆಯಷ್ಟು. ಕಿವಿಯ ಹಿಂದಿನ ಎಲುಬನ್ನು ಮೊದಲು ಜೋಳದಿಂದ ಸವೆಸುತ್ತ ಹೋಗಿ, ಮುಖದ ನರ ಹತ್ತಿರ ಬಂದ ಹಾಗೆ ಸಾಸಿವೆಗೆ, ಆಮೇಲೆ ಗಸಗಸೆಗೆ ಇಳಿಯಬೇಕು. ಬಟ್ಟೆಯ ಮೇಲೆ ನಾನು ಅವನ್ನು ಅದೇ ಸಾಲಿನಲ್ಲಿ ಜೋಡಿಸುತ್ತೇನೆ. ಡಾಕ್ಟರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಕೈ ಚಾಚುತ್ತಾರೆ, ನಾನು ಇಡುತ್ತೇನೆ.

ಇನ್ನೊಂದು ಕೆಲಸ ನೀರು ಹಾಕುವುದು. ಬರ್ ತಿರುಗುವಾಗ ಎಲುಬು ಕಾಯುತ್ತದೆ. ಕಾದರೆ ಪಕ್ಕದ ನರ ಬೇಯುತ್ತದೆ. ಹಾಗಾಗಿ ಡ್ರಿಲ್ ತಿರುಗಿದಷ್ಟು ಹೊತ್ತೂ ಸಲೈನ್ ನೀರು ಹನಿಯುತ್ತಿರಬೇಕು, ಅತ್ತ ಹೀರುವ ನಳಿಗೆ ಅದನ್ನು ಎಳೆದುಕೊಳ್ಳುತ್ತಿರಬೇಕು. ಕೊಳವೆಯಿಂದ ತಾನೇ ನೀರು ಬಿಡುವ ಮಶೀನು ಬಂದಿದೆ, ಆದರೂ ನಮ್ಮ ಡಾಕ್ಟರಿಗೆ ನನ್ನ ಕೈಯ ಸಿರಿಂಜೇ ಬೇಕು. "ಸಿಸ್ಟರ್ ಕೈ ತಪ್ಪಂಗಿಲ್ಲ" ಅನ್ನುತ್ತಿದ್ದರು. ಆ ಮಾತು ಕೇಳಿದಾಗೆಲ್ಲ ನನಗೆ ಹಿಗ್ಗು.

ಆಪರೇಷನ್ನಿಗೆ ಬಂದವರ ಮನೆಯವರು ಹೊರಗೆ ಬಾಕಿನ ಮೇಲೆ ಕೂತಿರುತ್ತಾರೆ. ಕೊಣ್ಣೂರಿನವರು, ಮಮದಾಪುರದವರು, ದೂರದ ಹಳ್ಳಿಯವರು. ಬಾಗಿಲು ತೆರೆದಾಗ ಒಳಗಿನ ಡ್ರಿಲ್ಲಿನ ಸದ್ದು ಅವರ ಕಿವಿಗೆ ಬೀಳುತ್ತದೆ, ಕೈಯೊಳಗಿನ ಚಹಾದ ಕಪ್ಪು ಅಲ್ಲೇ ನಿಲ್ಲುತ್ತದೆ. "ಹೆದರಬ್ಯಾಡ್ರಿ," ಅನ್ನುತ್ತಿದ್ದೆ, "ಅಕ್ಕಿಯೊಳಗಿನ ಕಲ್ಲ ಆರಿಸಿದಂಗ ಆರಿಸಿ ತೆಗಿತಾರ. ಒಳ್ಳೆದಕ್ಕ ಕೈ ಹಚ್ಚೂದಿಲ್ಲ." ಎಷ್ಟು ಜನಕ್ಕೆ ಹೇಳಿದ್ದೇನೋ. ಸುಳ್ಳಲ್ಲ, ಖರೇನೇ ಹೇಳಿದ್ದು.

ನನ್ನ ಅಕ್ಕನನ್ನು ಮೂಡಲಗಿಗೆ ಕೊಟ್ಟಿದೆ. ಅವಳ ಮನೆಯ ಮುಂದಿನ ಅಂಕಣದಲ್ಲಿ ಹಿಟ್ಟಿನ ಗಿರಣಿ. ಅವಳ ಗಂಡ, ನಮ್ಮ ಮಾಮಾ, ಹೊಲ ನೋಡುತ್ತಿದ್ದರು, ಗಿರಣಿ ಪೂರಾ ಅಕ್ಕನದೇ. ಜೋಳದ ಡಬ್ಬಿ ಹೊತ್ತು ಬಂದವರು "ಯಕ್ಕಾರ, ಸಣ್ಣಗ ಆಗ್ಲಿರಿ, ಬೀಗರು ಬರಾಕತ್ತಾರ" ಅಂದರೆ, "ನಿಮ್ಮ ಬೀಗರಿಗೆ ಹಲ್ಲ ಇಲ್ಲೇನ ಮತ್ತ?" ಅಂತ ಕೇಳಿಯೇ ಕಾಳು ಸುರಿಯುತ್ತಿದ್ದಳು. ಕಲ್ಲು ಕಲ್ಲಿಗೆ ತೀರ ಹತ್ತಿರ ಬಂದರೆ ಹಿಟ್ಟು ಸುಡುತ್ತದೆ, ಅಂಥ ಹಿಟ್ಟಿನ ರೊಟ್ಟಿ ಬಡಿದರೆ ಒಡೆಯುತ್ತದೆ. ಅಕ್ಕ ಹಿಟ್ಟು ಮುಟ್ಟಿ ನೋಡುತ್ತಿರಲಿಲ್ಲ. ಬಾಗಿಲಲ್ಲಿ ಕೂತು ಯಾರದೋ ಸೊಸೆಯ ಸುದ್ದಿ ಹೇಳುತ್ತಿದ್ದವಳು ಸದ್ದು ಸ್ವಲ್ಪ ಬದಲಾದರೆ ಮಾತು ಅಲ್ಲಿಗೇ ಬಿಟ್ಟು ಒಳಗೆ ಹೋಗಿ ತಿರುಪು ಸಡಿಲಿಸಿ ಬರುತ್ತಿದ್ದಳು. ಬಂದು ಸೊಸೆಯ ಸುದ್ದಿಯನ್ನು ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದಳು.

ಅವಳ ಬಲಗಿವಿ ಸೋರುತ್ತಿದ್ದುದು ನಮಗೆ ಹೊಸದಾಗಿರಲಿಲ್ಲ. ಸಣ್ಣವಳಿದ್ದಾಗಿಂದ ನೆಗಡಿಯಾದಾಗ ಸೋರುವುದು, ಅವ್ವ ಬಳ್ಳೊಳ್ಳಿ ಕಾಸಿದ ಎಣ್ಣೆ ಬಿಡುವುದು, ನಿಲ್ಲುವುದು. ಆದರೆ ಒಂದು ಸಲ ಅದು ನಿಲ್ಲಲಿಲ್ಲ. ವಾಸನೆ ಬರಲು ಶುರುವಾಯಿತು. ಕೇಳುವುದೂ ಮಂದವಾಯಿತು. ಮೂಡಲಗಿಯಲ್ಲಿ ಎಲ್ಲರೂ ಅದನ್ನು ಗಿರಣಿಯ ತಲೆಗೇ ಕಟ್ಟಿದರು. "ದಿನಾ ಆ ಸಪ್ಪಳದಾಗ ಕುಂತ್ರ ಕಿವಿ ಉಳಿತಾವೇನ? ಹಿಟ್ಟೂ ಹೋಗಿ ಕುಂತಿರ್ತೈತಿ" ಅಂತ ಮಾಮಾ ಕೂಡ ಅಂದರು.

ಗೋಕಾಕದ ಸಂತೆಗೆ ಬಂದಾಗ ಅಕ್ಕ ನನ್ನ ಮನೆಗೆ ಬಂದಳು. "ನಿಮ್ಮ ದವಾಖಾನಿ ಟಾರ್ಚ ತಗೊಂಡ ಬಾ, ಒಂದೀಟ ಒಳಗ ನೋಡಿ ಹೇಳು. ನಿನಗ ತಿಳಿದಿರ್ತೈತಲಾ. ಡಾಕ್ಟರ ಕಡೆ ಯಾಕ ಸುಮ್ನ?" ಅವಳು ಬರುವುದು ಗೊತ್ತಿದ್ದುದರಿಂದ ಕಿವಿ ನೋಡುವ ದೀಪವನ್ನು ಹಿಂದಿನ ದಿನವೇ ಆಸ್ಪತ್ರೆಯಲ್ಲಿ ಕೇಳಿ ತಂದಿಟ್ಟಿದ್ದೆ. ಅಡುಗೆಮನೆಯ ಕಿಟಕಿಯ ಹತ್ತಿರ ಮಣೆ ಹಾಕಿ ಕೂಡಿಸಿದೆ. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು.

ನೋಡಿದೆ. ಕಿವಿಯ ಪರದೆಯ ಮೇಲಿನ ಮೂಲೆಯಲ್ಲಿ ಒಂದು ತೂತು, ಅದರೊಳಗೆ ಉಳ್ಳಾಗಡ್ಡಿಯ ಪೊರೆಯಂಥ ಬಿಳಿ ಪದರು. ಮೇಜಿನ ಪಕ್ಕ ನಿಂತು ನಾನು ಎಷ್ಟೋ ಸಲ ಕಂಡದ್ದು. ಎಲುಬನ್ನು ತಿನ್ನುತ್ತ ಹೋಗುವ ಚರ್ಮದ ಗಡ್ಡೆ ಅದು. ಔಷಧದ ಹನಿಗೆ ಹೋಗುವುದಿಲ್ಲ, ಡ್ರಿಲ್ ಹಿಡಿದು ಎಲುಬು ಸವೆಸಿಯೇ ತೆಗೆಯಬೇಕು. ಇದನ್ನು ಹೇಳಲು ಡಾಕ್ಟರೇ ಬೇಕು ಅಂತೇನಿರಲಿಲ್ಲ. ನನಗೆ ಗೊತ್ತಾಗಿತ್ತು.

ಆದರೆ ಅದೇ ವಾರ ನಮ್ಮಲ್ಲಿ ಆಪರೇಷನ್ ಆದ ಒಬ್ಬ ಹೆಣ್ಣುಮಗಳ ಬಾಯಿ ಒಂದು ಕಡೆ ವಾಲಿತ್ತು. ಕಣ್ಣು ಮುಚ್ಚಲು ಬರುತ್ತಿರಲಿಲ್ಲ, ಕುಡಿದ ನೀರು ತುಟಿಯ ಮೂಲೆಯಿಂದ ಇಳಿಯುತ್ತಿತ್ತು. ಯಾರ ತಪ್ಪೂ ಅಲ್ಲ, ನರಕ್ಕೆ ಬಾವು ಬಂದಿದೆ, ಇಳಿಯುತ್ತದೆ ಅಂತ ಡಾಕ್ಟರು ಹೇಳಿದ್ದರು. ಅವಳಿಗೆ ದಿನಾ ಎರಡು ಹೊತ್ತು ಕಣ್ಣಿಗೆ ಹನಿ ಹಾಕಿ ಪಟ್ಟಿ ಕಟ್ಟುತ್ತಿದ್ದವಳು ನಾನೇ. ಅಕ್ಕನ ಕಿವಿಯಿಂದ ದೀಪ ತೆಗೆದು ಅವಳ ಮುಖ ನೋಡಿದೆ. ಬಾಯ್ತುಂಬ ನಗುವ ಮುಖ. ಆ ಮುಖ ವಾಲಿದರೆ ಹೇಗೆ ಕಂಡೀತು ಅಂತ ಕಲ್ಪಿಸಿಕೊಂಡೆ.

"ಏನ ಐತಿ?" ಅಂದಳು.

"ಹಿಟ್ಟ ಕುಂತೇತಿ ಯಕ್ಕಾ. ಸಪ್ಪಳಕ್ಕ ಕಿವಿನೂ ಮಂದ ಆಗೇತಿ. ಡ್ರಾಪ್ಸ್ ಕೊಡ್ತೇನಿ, ಹಾಕ್ಕೋ. ಗಿರಣ್ಯಾಗ ಕೂಡೂದ ಬಿಡು."

"ಆಪರೇಷನ್ನ ಗೀಪರೇಷನ್ನ ಬೇಕಾಗೂದಿಲ್ಲಲಾ?"

"ಏ, ಇಲ್ಲ."

ಬೇಳೆ ಉಕ್ಕಿತ್ತು. ಎದ್ದು ಹೋಗಿ ಇಳಿಸಿದೆ. ಹಾಗೆ ಎದ್ದು ಹೋಗಲು ಅದು ಉಕ್ಕಿದ್ದೇ ಚಲೋ ಆಯಿತು ಅನಿಸಿತ್ತು ಆಗ.

ಡ್ರಾಪ್ಸಿಗೆ ಸೋರುವುದು ಕಡಿಮೆಯಾಯಿತು. ಅದು ಹಾಗೇ, ಮೇಲಿನ ಕೀವು ಒಣಗುತ್ತದೆ, ಒಳಗೆ ನಡೆಯುವುದು ನಡೆದೇ ಇರುತ್ತದೆ. ಅಕ್ಕ ಫೋನು ಮಾಡಿ, "ಅರ್ಧ ಡಾಕ್ಟರಾಗೀದಿ ಬಿಡು" ಅಂದಳು. ತಿಂಗಳೊಳಗೆ ಗಿರಣಿಯನ್ನು ಬಾಜೂ ಓಣಿಯವರಿಗೆ ಕೊಟ್ಟುಬಿಟ್ಟರು. ಕಲ್ಲು, ಮೋಟಾರು, ಪಟ್ಟಾ, ಎಲ್ಲವನ್ನೂ ಬಿಚ್ಚಿ ಟ್ರ್ಯಾಕ್ಟರಿಗೆ ಹೇರುವ ದಿನ ನಾನೂ ಮೂಡಲಗಿಯಲ್ಲಿದ್ದೆ. ಅಕ್ಕ ಹೊರಗೆ ಬರಲಿಲ್ಲ. ಒಳಗೆ ಕೂತು ಶೇಂಗಾ ಸುಲಿಯುತ್ತಿದ್ದಳು. "ತಂಗಿ ಹೇಳ್ಯಾಳಂದ ಮ್ಯಾಲ ಮುಗೀತು" ಅಂತ ಮಾಮಾ ಬಂದವರಿಗೆಲ್ಲ ಹೇಳುತ್ತಿದ್ದರು.

ಮುಖ ವಾಲಿದ್ದ ಆ ಹೆಣ್ಣುಮಗಳು ಎರಡು ತಿಂಗಳ ಮೇಲೆ ತೋರಿಸಿಕೊಳ್ಳಲು ಬಂದಳು. ಮುಖ ನೆಟ್ಟಗಾಗಿತ್ತು. ನನಗೆ ಅಂತ ಮನೆಯಿಂದ ಕರದಂಟು ತಂದಿದ್ದಳು. ಆವತ್ತೇ ಮೂಡಲಗಿಗೆ ಫೋನು ಮಾಡಬೇಕಿತ್ತು. ಫೋನು ಕೈಯಲ್ಲಿ ಹಿಡಿದೆ. ಏನಂತ ಹೇಳುವುದು? ಅಂದು ಹೇಳಿದ್ದು ಸುಳ್ಳು ಅಂತಲೇ? ಗಿರಣಿ ಹೋಗಿಯಾಗಿತ್ತು. ದೀಪಾವಳಿ ಮುಗಿಯಲಿ ಅಂದುಕೊಂಡೆ. ಆಮೇಲೆ ಅವರ ಮನೆಯಲ್ಲಿ ಮದುವೆ ಬಂತು, ಅದೂ ಮುಗಿಯಲಿ ಅಂದುಕೊಂಡೆ. ದಿನ ದೂಡಲು ಕಾರಣಗಳಿಗೆ ಎಂದೂ ಬರ ಬರಲಿಲ್ಲ. ಹೀಗೇ ಎರಡು ವರ್ಷ ಹೋದವು.

ಒಂದು ಮುಂಜಾನೆ ಅಂಗಳ ಗುಡಿಸುತ್ತಿದ್ದ ಅಕ್ಕ ತಲೆ ತಿರುಗಿ ಬಿದ್ದಳು. ಕಿವಿ ಒತ್ತಿದರೆ ನೆಲ ತಿರುಗಿದ ಹಾಗಾಗುತ್ತದೆ ಅಂದಳು. ಮಾಮಾ ಸೀದಾ ನಮ್ಮ ಆಸ್ಪತ್ರೆಗೇ ಕರೆದುಕೊಂಡು ಬಂದರು. ಡಾಕ್ಟರು ಸ್ಕ್ಯಾನನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಗಡ್ಡೆ ಒಳಗಿವಿಯ ಗೋಡೆಯನ್ನೂ ತಿಂದು ತೂತು ಮಾಡಿತ್ತು. ಮುಖದ ನರದ ಮೇಲಿನ ಎಲುಬೂ ಹೋಗಿತ್ತು. ಇನ್ನು ತಡಮಾಡುವ ಹಾಗಿರಲಿಲ್ಲ.

"ನಿಮ್ಮ ಮನಿಯವರ ಆಪರೇಷನ್ನ ಇದು, ನೀವು ಹೊರಗಿರ್ರಿ ಸಿಸ್ಟರ್" ಅಂದರು ಡಾಕ್ಟರು. ನಾನು ಒಪ್ಪಲಿಲ್ಲ. ನನ್ನ ಕೈಯ ನೀರೇ ಆಗಬೇಕು ಅನಿಸಿತ್ತು. ಅದು ಅಕ್ಕನ ಸಲುವಾಗಿಯೋ, ನನ್ನ ಸಮಾಧಾನಕ್ಕೋ, ಈಗಲೂ ಹೇಳಲಾರೆ.

ಕಿವಿಯ ಹಿಂದೆ ಚರ್ಮ ಬಿಡಿಸಿ ಡ್ರಿಲ್ ಹಚ್ಚಿದರು. ಬೇಗ ಬಂದವರಲ್ಲಿ ಕಿವಿಯ ದಾರಿಯ ಗೋಡೆಯನ್ನು ಉಳಿಸಿಕೊಂಡು ಹಿಂದಿನಿಂದಲೇ ಸಣ್ಣಗೆ ಕೊರೆದು ತೆಗೆಯುವುದನ್ನು ನೋಡಿದ್ದೆ. ಅಕ್ಕನದರಲ್ಲಿ ಹಾಗೆ ಉಳಿಸಲು ಬರಲಿಲ್ಲ. ಗೋಡೆಯನ್ನೇ ಇಳಿಸಬೇಕಾಯಿತು. ಜೋಳದ ಬರ್ ಕೇಳಿದರು, ಕೊಟ್ಟೆ. ಮತ್ತೆ ಜೋಳದ್ದೇ ಕೇಳಿದರು. ಎಲುಬಿನ ಪುಡಿ ನೀರಿನಲ್ಲಿ ಬೆಳ್ಳಗೆ ಕಲಸಿ ಹೋಗುತ್ತಿತ್ತು, ಹೋಗುತ್ತಲೇ ಇತ್ತು. ನಮ್ಮ ಕೋಣೆಯಲ್ಲಿ ಅಷ್ಟು ಪುಡಿ ನಾನು ನೋಡಿದ್ದು ಕಡಿಮೆ. ಆಮೇಲೆ ಸಾಸಿವೆ, ಗಸಗಸೆ. ಕೇಳುವುದಕ್ಕೆ ಬೇಕಾದ ಮೂರು ಎಲುಬುಗಳಲ್ಲಿ ಎರಡು ಇರಲೇ ಇಲ್ಲ.

ಡಾಕ್ಟರು ಕಣ್ಣೆತ್ತದೆ ಕೇಳಿದರು. "ಯಾವಾಗಿಂದ ಸೋರ್ತಿತ್ತು ಸಿಸ್ಟರ್?"

"ಎರಡ ವರ್ಷಾತ್ರಿ ಸರ್. ಜಾಸ್ತಿ ಆಗಿ."

"ಎರಡ ವರ್ಷ? ಮತ್ತ ನೀವು ಇಲ್ಲೇ ಇದ್ದೀರಲ್ಲ…" ಅಂದರು.

ಹೋರಿಯ ಕೋಡನ್ನು ಕಾದ ಕಬ್ಬಿಣದಿಂದ ಸುಟ್ಟಾಗ ಬರುವ ವಾಸನೆ ಮೂಗಿಗೆ ಬಂತು. ಎಲ್ಲಿಂದ ಅಂತ ಒಂದು ಕ್ಷಣ ತಿಳಿಯಲಿಲ್ಲ.

"ನೀರ, ಸಿಸ್ಟರ್! ನೀರ!"

ನನ್ನ ಕೈ ನಿಂತಿತ್ತು. ಡಾಕ್ಟರು ಪೆಡಲಿನಿಂದ ಕಾಲೆತ್ತಿದ್ದರು. ನರ ಅಲ್ಲಿಂದ ಇನ್ನೂ ದೂರವಿತ್ತು, ಏನೂ ಆಗಲಿಲ್ಲ. ಆದರೆ ಅಷ್ಟು ವರ್ಷದಲ್ಲಿ ನನ್ನ ಕೈ ನಿಂತದ್ದು ಅದೊಂದೇ ಸಲ. ಅದೂ ಅಕ್ಕನ ಎಲುಬಿನ ಮೇಲೆ. ಡಾಕ್ಟರು ಬೈಯಲಿಲ್ಲ, ಇನ್ನೊಬ್ಬ ಸಿಸ್ಟರನ್ನು ಕರೆದರು. ನಾನು ಗೋಡೆಗೆ ಸರಿದು ನಿಂತೆ.

ಮುಖ ಉಳಿಯಿತು. ಎಚ್ಚರವಾದ ಮೇಲೆ ಹಲ್ಲು ತೋರಿಸಲು ಹೇಳಿದರು, ತೋರಿಸಿದಳು, ಎರಡೂ ಕಡೆ ಸಮ. ಬಲಗಿವಿ ಮಾತ್ರ ಪೂರ್ತಿ ಹೋಯಿತು.

ಮೂರನೆಯ ದಿನ ಡಾಕ್ಟರು ಪಟ್ಟಿ ನೋಡಲು ಬಂದಾಗ ಅಕ್ಕ ಕೇಳಿದಳು. "ಡಾಕ್ಟರ, ಈ ಎಡಗಿವಿನೂ ಹಿಂಗ ಆಕ್ಕೈತೇನ್ರಿ? ಗಿರಣಿ ಸಪ್ಪಳಕ್ಕ ಆಗಿದ್ದಲ್ಲೇನ್ರಿ ಇದು?"

"ಗಿರಣಿ ಏನ ಮಾಡ್ತೈತಿ ಇದಕ್ಕ? ಯಾರ ಹೇಳಿದ್ರ ನಿಮಗ?" ಡಾಕ್ಟರು ನಕ್ಕರು. "ಇದು ಬ್ಯಾರೇನ ಜಡ್ಡು. ಆದ್ರ ಇನ್ನಮ್ಯಾಲ ಹಿಟ್ಟಿನ ಧೂಳಿನಾಗ ಕೂಡಬ್ಯಾಡ್ರಿ. ಎಲುಬ ಭಾಳ ತೆಗೆದೇವಿ, ಕಿವ್ಯಾಗ ದೊಡ್ಡ ಗುಂಡಿ ಉಳದೈತಿ. ಕಸ ಕೂಡ್ತೈತಿ, ಮೂರ ತಿಂಗಳಿಗೊಮ್ಮೆ ಬಂದ ಸ್ವಚ್ಛ ಮಾಡಿಸ್ಕೋಬೇಕು. ಮೊದ್ಲ ಬಂದಿದ್ರ ಇಷ್ಟ ತೆಗೀಬೇಕಾಗ್ತಿರ್ಲಿಲ್ಲ."

ಅಕ್ಕ ನನ್ನ ಕಡೆ ತಿರುಗಿದಳು. ನಾನು ಹಾಸಿಗೆಯ ಚಾದರವನ್ನು ಸರಿಮಾಡುತ್ತಿದ್ದೆ. ಸರಿಯಾಗಿಯೇ ಇದ್ದ ಚಾದರ ಅದು.

ಡಾಕ್ಟರು ಹೋದ ಮೇಲೆ ಬಾಗಿಲು ಮುಂದೆ ಮಾಡಿ, ಅವಳೆದುರಿಗೆ ಸ್ಟೂಲು ಎಳೆದುಕೊಂಡು ಕೂತು ಎಲ್ಲವನ್ನೂ ಹೇಳಿದೆ. ಅಡುಗೆಮನೆಯಲ್ಲಿ ಏನು ಕಂಡೆ, ಏನು ಹೇಳಿದೆ, ಯಾರ ಮುಖ ನೋಡಿ ಹೆದರಿದೆ.

ಅಕ್ಕ ಅಳಲಿಲ್ಲ, ಕೂಗಾಡಲಿಲ್ಲ. "ಮಂದಿಗೆಲ್ಲಾ ಹೆದರಬ್ಯಾಡ್ರಿ ಅಂತಿ. ನಮ್ಮ ಓಣ್ಯಾವ್ರ ಇಬ್ಬರನ್ನ ನೀನ ಕರಕೊಂಡ ಹೋಗಿ ಮಾಡಿಸಿದಿ. ಚಲೋ ಅದಾರ ಅವರು."

"ನೀ ನನ್ನ ಅಕ್ಕ. ಹೆದರಿದ್ನೆವಾ, ನಿನಗ ಏನರ ಆದ್ರ ಅಂತ."

"ಹೆದರಿಕಿ ನಿಂದು," ಅಂದಳು ಅಕ್ಕ, "ಕಿವಿ ನಂದು. ಹೇಳಬೇಕಾಗಿತ್ತು ನೀ. ಒಲ್ಲೆ ಅನ್ನೋದಿದ್ರ ನಾ ಅಂತಿದ್ದೆ." ಚಾದರ ಮೇಲೆಳೆದುಕೊಂಡು, "ಗಿರಣಿ ಕೊಡೂ ದಿನಾನೂ ಬಂದಿದ್ದ್ಯಲ್ಲ ನೀ? ಊಟಾನೂ ಮಾಡಿ ಹ್ವಾದಿ" ಅಂದಳು.

ನಾನು ಎದ್ದು ಸ್ಟೂಲನ್ನು ಅದರ ಜಾಗಕ್ಕೆ ಇಟ್ಟೆ.

ಅಕ್ಕ ಮಾತು ಬಿಟ್ಟಿಲ್ಲ. ಹಬ್ಬಕ್ಕೆ ಕರೆಯುತ್ತಾಳೆ, ಶೇಂಗಾ ಹೋಳಿಗೆ ಕಟ್ಟಿ ಕಳಿಸುತ್ತಾಳೆ. ನನ್ನ ಮಂಡಿನೋವಿಗೆ ಯಾವ ಎಣ್ಣೆ ಹಚ್ಚಬೇಕು ಅಂತ ಅರ್ಧ ತಾಸು ಫೋನಿನಲ್ಲಿ ಹೇಳುತ್ತಾಳೆ. ಕಿವಿ ಸ್ವಚ್ಛ ಮಾಡಿಸಲು ಮಾತ್ರ ನಮ್ಮ ಆಸ್ಪತ್ರೆಗೆ ಬರುವುದಿಲ್ಲ. ಹುಕ್ಕೇರಿಯಲ್ಲಿ ಒಬ್ಬ ಡಾಕ್ಟರನ್ನು ಹುಡುಕಿಕೊಂಡಿದ್ದಾಳೆ. ಮೂಡಲಗಿಯಿಂದ ಗೋಕಾಕಕ್ಕೆ ಬಂದು, ಬಸ್ಸು ಬದಲಿಸಿ ಹುಕ್ಕೇರಿಗೆ ಹೋಗುತ್ತಾಳೆ. ಮುಚ್ಚಿಟ್ಟೂ ಇಲ್ಲ. "ಸ್ಟ್ಯಾಂಡಿಗೆ ಬಾ, ಚಹಾ ಕುಡಿಯೂನು" ಅಂತ ತಾನೇ ಫೋನು ಮಾಡುತ್ತಾಳೆ.

ಹೋದ ತಿಂಗಳೂ ಮಾಡಿದಳು. ರಜೆ ಕೇಳಿ ಹೋದೆ. ಬಲಗಿವಿಯ ಮೇಲೆ ಸೆರಗು ಎಳೆದುಕೊಂಡು ಬಾಕಿನ ಮೇಲೆ ಕೂತಿದ್ದಳು. ನಾನು ಅವಳ ಎಡಕ್ಕೆ ಕೂತೆ. ಚಹಾ ಕುಡಿದೆವು. ಮಾಮಾನ ಶುಗರ್ ಸುದ್ದಿ, ಮೊಮ್ಮಗಳ ಹಲ್ಲಿನ ಸುದ್ದಿ ಆಯಿತು.

"ಯಕ್ಕಾ, ಅಲ್ಲಿ ಹೀರೂ ಮಶೀನ ಚಲೋ ಐತೇನ? ಒಂದ ಸಲ ಕಿವಿ ನಾ ನೋಡ್ಲಿ?" ಅಂದೆ. ಕೈ ಆಗಲೇ ಅವಳ ಸೆರಗಿನ ಕಡೆಗೆ ಹೋಗಿತ್ತು.

ಅಕ್ಕ ನನ್ನ ಕೈಯನ್ನು ಗಾಳಿಯಲ್ಲೇ ಹಿಡಿದು ಕೆಳಗಿಳಿಸಿ, ಅದರೊಳಗೆ ಹೋಳಿಗೆಯ ಡಬ್ಬಿ ಇಟ್ಟಳು. "ಹುಕ್ಕೇರಿ ಡಾಕ್ಟರ ನೋಡ್ತಾರ" ಅಂದಳು.

ಹುಕ್ಕೇರಿಯ ಬಸ್ಸು ಬಂತು. ಹತ್ತುವಾಗ ಅವಳ ಚೀಲ ಹಿಡಿದುಕೊಂಡೆ, ಕಿಟಕಿಯ ಪಕ್ಕದ ಸೀಟು ಹಿಡಿದು ಕೊಟ್ಟೆ, ಕೆಳಗಿಳಿದು ನಿಂತೆ. ಅವಳು ಒಳಗಿನಿಂದ ಕೈ ಮಾಡಿದಳು. ನಾನೂ ಮಾಡಿದೆ.