ನಾನು ಕಣ್ಣಿಟ್ಟಿದ್ದ ಗೌಸ್ ಮೇಷ್ಟ್ರು

ಬಿಟ್ಟಿ ಕೆಲಸ ಮಾಡುವವರನ್ನು ನಾನು ನಂಬುವುದಿಲ್ಲ. ಚಾಮರಾಜನಗರದಲ್ಲಿ ಇಪ್ಪತ್ತು ವರ್ಷ ರಾಗಿ ಮಂಡಿ ನಡೆಸಿದವನು ನಾನು, ಕರಿಬಸವಯ್ಯ; ಒಂದು ಹಿಡಿ ಕೊಸರನ್ನೂ ಯಾರೂ ಸುಮ್ಮನೆ ಕೊಟ್ಟದ್ದು ಕಂಡಿಲ್ಲ. ಹಾಗಿರುವಾಗ ೧೯೫೪ರಲ್ಲಿ ಗುಂಡ್ಲುಪೇಟೆಯ ಗೌಸ್ ಮೊಹಿದ್ದೀನ್ ಎಂಬ ದರ್ಜಿ, ವಾರಕ್ಕೆ ಮೂರು ದಿನ ಅಂಗಡಿಗೆ ಬೀಗ ಹಾಕಿ, ಬಸ್ಸು ಹತ್ತಿ ಬಂದು, ನಮ್ಮೂರ ಕಾಲೇಜು ಹುಡುಗರಿಗೆ ಸಂಬಳವಿಲ್ಲದೆ ಓಟ ಕಲಿಸುತ್ತಾರೆಂದರೆ ನನಗೆ ಅನುಮಾನ ಬರಬೇಡವೇ?

ಅವರು ಒಂದು ಕಾಲಕ್ಕೆ ದೊಡ್ಡ ಓಟಗಾರರು. ಅರ್ಧ ಮೈಲಿ ಓಟದಲ್ಲಿ ಮೂರು ವರ್ಷ ಮೈಸೂರು ಸಂಸ್ಥಾನಕ್ಕೇ ಮೊದಲಿಗರು ಎಂದು ನನ್ನ ಮಗ ನೀಲಕಂಠ ಹೇಳಿದ. ಹೇಳುವಾಗ ಅವನ ಮುಖ ಅರಳಿತ್ತು, ಅದೂ ನನಗೆ ಹಿಡಿಸಲಿಲ್ಲ. ಅವನು ಇಂಟರ್‌ಮೀಡಿಯೆಟ್ ಓದುತ್ತಿದ್ದ. ಮುಂದಿನ ತಿಂಗಳು ಮೈಸೂರಿನಲ್ಲಿ ಕಾಲೇಜುಗಳ ಪಂದ್ಯ; ಅದರಲ್ಲಿ ಓಡುವುದೇ ಅವನ ಜಪವಾಗಿತ್ತು.

"ಆ ಸಾಯ್ಬ್ರಿಗೆ ನಮ್ ಹೈಕಳ ಮೇಲೆ ಯಾಕ್ಲಾ ಅಷ್ಟು ಪ್ರೀತಿ?" ಎಂದು ಕೇಳಿದೆ.

"ಅವ್ರಿಗೆ ಓಟ ಅಂದ್ರೆ ಪ್ರಾಣ ಕಣಪ್ಪ" ಅಂದ.

ಪ್ರಾಣವಂತೆ! ಒಂದು ಬೆಳಿಗ್ಗೆ ಮೈದಾನದ ಅಂಚಿನ ಹುಣಸೆಮರದ ಮರೆಯಲ್ಲಿ ನಿಂತು ನೋಡಿದೆ. ಮೇಷ್ಟ್ರು ಗಡಿಯಾರ ಹಿಡಿದು ಕೂಗುತ್ತಿದ್ದರು, ಹುಡುಗರ ಹೆಗಲು ಹಿಡಿದು ನೆಟ್ಟಗೆ ಮಾಡುತ್ತಿದ್ದರು, ಬೆನ್ನು ತಟ್ಟುತ್ತಿದ್ದರು. ಅಷ್ಟರಲ್ಲಿ ನೀಲಕಂಠ ನನ್ನ ಮುಂದೆಯೇ ಓಡಿಹೋದ. ಅವನ ಎದೆಯ ಮೇಲೆ ಲಿಂಗದ ಕರಡಿಗೆ ಇರಲಿಲ್ಲ.

ನಾವು ಲಿಂಗ ಕಟ್ಟಿದವರು. ಹುಟ್ಟಿದಾಗ ಕಟ್ಟಿದ ಲಿಂಗ ಸಾಯುವವರೆಗೂ ಮೈಯಿಂದ ಅಗಲಬಾರದು. ನನ್ನ ಮಗನ ಲಿಂಗವಿದ್ದದ್ದು ಅವನ ತಾತನ ಕಾಲದ ಬೆಳ್ಳಿ ಕರಡಿಗೆಯಲ್ಲಿ; ಶಿವದಾರದಲ್ಲಿ ಅದು ಸದಾ ಎದೆಯ ಮೇಲೆ ತೂಗುತ್ತಿತ್ತು. ಓಟಕ್ಕೆ ಅಡ್ಡಿಯೆಂದು ಮೇಷ್ಟ್ರು ಬಿಚ್ಚಿಸಿದ್ದಾರೆ! ನನಗೆ ಮೈಯೆಲ್ಲ ಉರಿದುಹೋಯಿತು. ಕೊರಳಲ್ಲಿ ದಾರ ಇದೆಯೋ ಇಲ್ಲವೋ ನೋಡುವ ತಾಳ್ಮೆಯೂ ಇರಲಿಲ್ಲ. ಮಗನನ್ನು ಕರೆದು ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ. ಬೀದಿಯ ನಾಲ್ವರು ಹಿರಿಯರನ್ನು ಕಟ್ಟಿಕೊಂಡು ನೇರ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದೆ.

ಪ್ರಿನ್ಸಿಪಾಲರು ಪುಕ್ಕಲು ಮನುಷ್ಯ. ಮೇಷ್ಟ್ರನ್ನು ಕರೆಸಿ, ನಮ್ಮೆದುರಿಗೇ, ನಾಳೆಯಿಂದ ಬರಬೇಡಿ ಎಂದುಬಿಟ್ಟರು. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು.

"ಏನೂ ಹೇಳ್ಬ್ಯಾಡಿ ಸಾಯ್ಬ್ರೆ, ನಾನೇ ಕಣ್ಣಾರೆ ಕಂಡಿವ್ನಿ" ಎಂದು ಗದರಿದೆ.

ಅವರು ಟೋಪಿ ಸರಿಮಾಡಿಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ನಡೆದರು.

ಮಧ್ಯಾಹ್ನ ನೀಲಕಂಠ ಮನೆಗೆ ಬಂದವನೇ ಅಂಗಿ ಬಿಚ್ಚಿ, ಬನಿಯನ್ನಿನ ಕೊರಳು ಅಗಲಿಸಿ ತೋರಿಸಿದ. ಒಳಗೆ, ಎದೆಗೆ ಸರಿಯಾಗಿ ಒಂದು ಜೇಬು. ಶಿವದಾರ ಕೊರಳಲ್ಲೇ ಇದೆ, ಕರಡಿಗೆ ಜೇಬಿನಲ್ಲಿ ಭದ್ರವಾಗಿದೆ.

"ಓಡೋವಾಗ ಬಡ್ದು ಬಡ್ದು ಎದೆ ಗಾಯ ಆಗಿತ್ತು ಕಣಪ್ಪ. ಬಿಚ್ಚಿಟ್ಬುಡ್ತೀನಿ ಅಂತ ನಾನೇ ಅಂದೆ. ಮೇಷ್ಟ್ರು ಬೈದ್ರು. ಅದ ಬಿಚ್ಚಿಟ್ರೆ ನನ್ ತಾವ ಓಟ ಕಲಿಯಾಕೆ ಬರ್ಬ್ಯಾಡ ಅಂದ್ರು. ಅಳತೆಗೂ ನನ್ ಕರಡಿಗೆ ಮುಟ್ನಿಲ್ಲ. ಅಷ್ಟೇ ಗಾತ್ರದ ನಿಂಬೆಹಣ್ಣು ಇಟ್ಕೊಂಡು ಹೊಲ್ದ್ರು."

ನನ್ನ ಹೆಂಡತಿ ಪುಟ್ಟಬಸಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ನಾಚಿಕೆಯಿಂದ ನನಗೆ ಆ ದಿನ ಊಟ ಸೇರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋದೆ. ಮೇಷ್ಟ್ರು ಮಿಷನ್ ತುಳಿಯುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತು, ಕೂರಲು ಸ್ಟೂಲು ಕೊಟ್ಟರು.

"ತಪ್ಪಾಯ್ತು ಮೇಷ್ಟ್ರೆ, ಬನ್ನಿ" ಎಂದೆ.

"ಬತ್ತೀನಿ ಸಾವ್ಕಾರ್ರೆ. ಹುಡುಗ್ರು ಏನ್ ತಪ್ಪು ಮಾಡವ್ರೆ? ಆದ್ರೆ ಒಂದ್ ಮಾತು. ನಾನು ಮೈದಾನದಲ್ಲಿರೋ ಅಷ್ಟ್ ಹೊತ್ತೂ ನೀವೂ ಅಲ್ಲೇ ಇರ್ಬೇಕು."

"ನಾನ್ಯಾಕೆ?"

"ನಾಳೆ ಇನ್ನೊಬ್ರು ಬಂದು ಇನ್ನೇನೋ ಕಂಡೆ ಅಂದ್ರೆ?"

ಒಪ್ಪಿಕೊಂಡೆ. ಪ್ರಿನ್ಸಿಪಾಲರ ಮುಂದೆಯೂ ನನ್ನ ತಪ್ಪು ಹೇಳಿಕೊಂಡೆ. ಆ ತಿಂಗಳೆಲ್ಲ ಮಂಡಿ ಬಿಟ್ಟು ಮೈದಾನದಲ್ಲಿ ಕೂತೆ. ಮೇಷ್ಟ್ರು ಮೊದಲಿನಷ್ಟೇ ಜೋರಾಗಿ ಕೂಗುತ್ತಿದ್ದರು, ಮೊದಲಿನಷ್ಟೇ ಚೆನ್ನಾಗಿ ಕಲಿಸುತ್ತಿದ್ದರು. ಆದರೆ ಯಾವ ಹುಡುಗನ ಹೆಗಲಿಗೂ ಕೈ ಹಾಕಲಿಲ್ಲ. ಏನಿದ್ದರೂ ಮಾರು ದೂರ ನಿಂತು ಬಾಯಲ್ಲೇ ಹೇಳುತ್ತಿದ್ದರು.

ಮೈಸೂರಿನಲ್ಲಿ ನೀಲಕಂಠ ಅರ್ಧ ಮೈಲಿ ಗೆದ್ದ. ಏದುಸಿರು ಬಿಡುತ್ತ ಮೇಷ್ಟ್ರನ್ನು ತಬ್ಬಿಕೊಳ್ಳಲು ಓಡಿಬಂದ. ಮೇಷ್ಟ್ರ ಕಣ್ಣಲ್ಲಿ ನೀರು. ಎರಡೂ ಕೈ ಚಾಚಿದವರು ತಟ್ಟನೆ ತಡೆದುಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, ಜನರ ನಡುವೆ ನಾನೆಲ್ಲಿದ್ದೇನೆಂದು ಹುಡುಕಿದರು.