ಪತ್ರಾ ಕಾಯ್ತೈತಿ

ಮೊನ್ನೆ ಭಾನುವಾರ ಮಧ್ಯಾಹ್ನ ಮಲಗುವ ಕೋಣೆಯ ಕಿಟಕಿ ತೆರೆದೆ, ಒದ್ದೆ ಗೋಣಿಚೀಲದ ವಾಸನೆ ಒಳಗೆ ಬಂತು. ಠಾಣೆಯ ನಮ್ಮ ಕಟ್ಟಡದ ಎದುರಿಗೆ ಇನ್ನೊಂದು ಕಟ್ಟಡ ಏಳುತ್ತಿದೆ. ಸಿಮೆಂಟು ಬಿರಿಯಬಾರದೆಂದು ಹೊಸ ಕಂಬಗಳಿಗೆ ಗೋಣಿ ಸುತ್ತಿದ್ದಾರೆ. ಒಬ್ಬ ಹೆಂಗಸು ಪೈಪು ಹಿಡಿದು ಅದಕ್ಕೆ ನೀರು ಬಿಡುತ್ತಿದ್ದಳು. ನಾನು ಮೂಗು ಚಾಚಿಕೊಂಡು ನಿಂತೆ.

"ಪಪ್ಪಾ, ಖಿಡಕೀ ಬಂದ ಕರಾ ನಾ! ಎಸಿ ಚಾಲೂ ಆಹೆ!" ಎಂದು ಮಗಳು ಕೂಗಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ನಾನು ತೆಪ್ಪಗೆ ಕಿಟಕಿ ಮುಚ್ಚಿದೆ.

ನಮ್ಮಲ್ಲಿ ಎಸಿ ಇರುವುದು ಒಂದೇ ಕೋಣೆಯಲ್ಲಿ. ಬೇಸಿಗೆ ಬಂತೆಂದರೆ ಮೂವರೂ ಅಲ್ಲೇ, ಮನೆಯ ಜಗಳಗಳೂ ಅಲ್ಲೇ. ಮಗಳಿಗೆ ಇಪ್ಪತ್ತು ಡಿಗ್ರಿ ಬೇಕು. ದಪ್ಪ ರಜಾಯಿ ಹೊದ್ದು ಮೂಗಿನ ತುದಿಯಷ್ಟೇ ಹೊರಗಿಟ್ಟು ಮಲಗುವ ಸುಖ ಅವಳದ್ದು. ಹೆಂಡತಿಗೆ ಇಪ್ಪತ್ತಾರು, ಜೊತೆಗೆ ಫ್ಯಾನು. ನನ್ನನ್ನು ಯಾರೂ ಕೇಳುವುದಿಲ್ಲ. "ನಿಮಗೆ ಎಂತ ಬೇಕು, ಬಂಡೆ ಮೇಲೆ ಹಾಕಿದರೂ ಗೊರಕೆ ಹೊಡಿತೀರಿ," ಎಂದು ಹೆಂಡತಿ ನನ್ನ ಪಾಲಿನ ಉತ್ತರವನ್ನೂ ಹೇಳಿ ಮುಗಿಸುತ್ತಾಳೆ. ಅದು ನಿಜವಲ್ಲ ಎಂದು ವಾದಿಸೋಣವೆಂದರೆ ಅಷ್ಟರಲ್ಲಿ ನನಗೆ ನಿದ್ದೆ ಬಂದಿರುತ್ತದೆ.

ಆದರೆ ನಂಬಿ, ನಿದ್ದೆಗಾಗಿ ಅಳುವ ಸ್ಥಿತಿಗೆ ಬಂದವನು ನಾನು. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ರಬಾಳೆಯ ಒಂದು ಕಾರ್ಖಾನೆಯಲ್ಲಿ ನನಗೆ ರಾತ್ರಿ ಪಾಳಿ. ತಗಡಿನ ಡಬ್ಬಿಗೆ ಮುಚ್ಚಳ ಒತ್ತುವ ಯಂತ್ರ. ಅದರ ಬಾಯಿಗೆ ಕೈ ಹಾಕಿ ತಗಡು ಇಡಬೇಕು, ಅದು ಕಚ್ಚುವುದರೊಳಗೆ ಕೈ ತೆಗೆಯಬೇಕು. ಇಡೀ ರಾತ್ರಿ ಇಷ್ಟೇ ಕೆಲಸ. ಹಗಲು ನಿದ್ದೆ ಸರಿಯಾದರೆ ಹತ್ತು ಬೆರಳು, ಇಲ್ಲದಿದ್ದರೆ ಎಷ್ಟೋ ದೇವರೇ ಬಲ್ಲ. ಬೆಳಿಗ್ಗೆ ಪಾಳಿ ಮುಗಿಸಿ, ಠಾಣೆಯಲ್ಲಿ ರೈಲು ಬದಲಿಸಿ, ವಿಠ್ಠಲವಾಡಿಯ ನನ್ನ ಖೋಲಿ ಸೇರುವಾಗ ಎಂಟು ಗಂಟೆ. ಊರೆಲ್ಲ ಏಳುವ ಹೊತ್ತಿಗೆ ನಾನು ಚಾಪೆ ಬಿಡಿಸುತ್ತಿದ್ದೆ.

ಪಕ್ಕದ ಖೋಲಿಯಲ್ಲಿ ವಿಜಯಪುರದ ಕಡೆಯ ನೀಲಕ್ಕ ಮತ್ತು ಅವರ ಗಂಡ ಮಲ್ಲಣ್ಣ. ಮಲ್ಲಣ್ಣ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು. ನಸುಕಿಗೆ ಹೋದರೆ ಮಧ್ಯಾಹ್ನ ಬರುತ್ತಿದ್ದರು. ಎರಡು ಖೋಲಿಗೂ ನಡುವೆ ಒಂದೇ ಗೋಡೆ, ಮೇಲೆ ಒಂದೇ ಮಾಡು. ನಾನು ಬಂದ ಮೊದಲ ದಿನವೇ ನೀಲಕ್ಕ ಬಾಗಿಲಲ್ಲಿ ನಿಂತು ಹೇಳಿದರು:

"ಲಗೂನ ಮಲ್ಕೋ ತಮ್ಮಾ, ಹತ್ತು ಹೊಡದ್ರ ಪತ್ರಾ ಕಾಯ್ತೈತಿ."

ನಾನು ಕುಂದಾಪುರದ ಕಡೆಯವನು. ಹಂಚಿನ ಮಾಡಿನ ಕೆಳಗೆ ಬೆಳೆದವನಿಗೆ ಪತ್ರ ಎಂದರೆ ಕಾಗದ. ಕೈಗೊಂದು ಫೋನು ಇಲ್ಲದ ಕಾಲ ಅದು. ಈ ಖೋಲಿಯ ವಿಳಾಸ ಮೊದಲೇ ಬರೆದು ಕಳಿಸಿದ್ದೆ, ಅಮ್ಮನ ಕಾಗದ ಬರದೆ ತಿಂಗಳಾಗಿತ್ತು. "ಪತ್ರ ಕಾಯ್ತಾ ಉಂಟಾ? ಎಲ್ಲಿ ಉಂಟು ಅಕ್ಕ?" ಎಂದು ಬಾಗಿಲ ಸಂದಿ, ಗೋಡೆಯ ಗೂಡು ಎಲ್ಲ ಹುಡುಕಿದೆ. ನೀಲಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಕೊನೆಗೆ ಬೆರಳು ಮೇಲೆತ್ತಿ ತೋರಿಸಿದರು. ಈ ಊರಲ್ಲಿ ಮಾಡಿನ ಶೀಟಿಗೆ ಪತ್ರಾ ಎನ್ನುತ್ತಾರೆ. ಅದು ಬಿಸಿಲಿಗೆ ಕಾಯುತ್ತದೆ ಎಂದು ಅವರು ಹೇಳಿದ್ದು. ಆಮೇಲೆ ಓಣಿಯವರೆಲ್ಲ ನನ್ನನ್ನು ಕಂಡಾಗ "ಏನಪಾ, ಪತ್ರಾ ಸಿಕ್ತೇನು?" ಎಂದು ಕೇಳುವುದೇ ಆಯಿತು.

ಮಜವೆಂದರೆ, ನನ್ನ ಪತ್ರಾ ಕಾಯಲೇ ಇಲ್ಲ. ಏಪ್ರಿಲ್ ಬಂತು, ಮೇ ಬಂತು. ಜೊತೆಗಾರರೆಲ್ಲ ಹಗಲು ನಿದ್ದೆಯಿಲ್ಲದೆ ಕಣ್ಣು ಕೆಂಪು ಮಾಡಿಕೊಂಡು ಬಂದರೆ, ನಾನು ಮದುಮಗನ ಹಾಗೆ ಬರುತ್ತಿದ್ದೆ. ಇದೆಲ್ಲ ನಾನು ಕೊಂಡ ಹಳೆಯ ಟೇಬಲ್ ಫ್ಯಾನಿನ ಮಹಿಮೆ ಎಂದು ನನ್ನ ನಂಬಿಕೆ. "ಫ್ಯಾನು ತಲೆ ಕಡೆ ಇಡಬಾರದು ಮಾರಾಯ್ರೆ, ಕಾಲಿನ ಕಡೆ ಇಡಬೇಕು. ಗಾಳಿ ಕೆಳಗಿನಿಂದ ಮೇಲೆ ಹತ್ತಬೇಕು," ಎಂದು ಕಾರ್ಖಾನೆಯಲ್ಲಿ ಭಾಷಣ ಮಾಡುತ್ತಿದ್ದೆ. ಇಬ್ಬರು ನನ್ನ ಮಾತು ಕೇಳಿ ಹಾಗೆ ಇಟ್ಟು ನೋಡಿದರಂತೆ. ಪಾಪ.

ಹೀಗಿರುವಾಗ ತಂಗಿಯ ಮಗಳ ಮದುವೆಗೆಂದು ನೀಲಕ್ಕ ಎಂಟು ದಿನ ಊರಿಗೆ ಹೋದರು. ಮರುದಿನ ಹತ್ತೂವರೆಗೆ ನನಗೆ ಎಚ್ಚರವಾಯಿತು. ಖೋಲಿ ರೊಟ್ಟಿಯ ಹೆಂಚಾಗಿತ್ತು. ಫ್ಯಾನು ಬಿಸಿ ಗಾಳಿಯನ್ನೇ ತಂದು ಮುಖಕ್ಕೆ ಹೊಡೆಯುತ್ತಿತ್ತು. ಕೆಟ್ಟಿದೆ ಎಂದು ರಿಪೇರಿಗೆ ಹೊತ್ತುಕೊಂಡು ಹೋದೆ. "ಇದಕ್ಕೇನೂ ಆಗಿಲ್ಲ," ಎಂದ ರಿಪೇರಿಯವನ ಜೊತೆ ಜಗಳವನ್ನೂ ಆಡಿ ಬಂದೆ. ಮೂರನೆಯ ದಿನ ಬೆಳಗಾಗುವ ಮೊದಲು ಯಂತ್ರದ ಮುಂದೆ ನನ್ನ ಕಣ್ಣು ಮುಚ್ಚಿತು. ಸೂಪರ್‌ವೈಸರ್ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆ ಎಳೆದ. ಯಂತ್ರ ಬಾಯಿ ಮುಚ್ಚಿದ್ದು ಬರಿಯ ತಗಡಿನ ಮೇಲೆ. "ಏಕ್ ಬಾರ್ ಔರ್ ಸೋಯಾ ತೋ ಗೇಟ್ ಕೆ ಬಾಹರ್," ಎಂದ; ಇನ್ನೊಮ್ಮೆ ನಿದ್ದೆ ಮಾಡಿದರೆ ಕೆಲಸ ಹೋಯಿತು. ರೈಲಿನಲ್ಲಿ ಎರಡು ಸಲ ಬೆರಳು ಎಣಿಸಿಕೊಂಡೆ.

ಆ ಮಧ್ಯಾಹ್ನ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಓಣಿಯಲ್ಲಿ ಕೂತಿದ್ದೆ. ಅಳು ಬರುವುದೊಂದು ಬಾಕಿ. ಕೆಲಸ ಮುಗಿಸಿ ಬಂದ ಮಲ್ಲಣ್ಣ ನೋಡಿದರು.

"ಯಾಕೋ ತಮ್ಮಾ, ಹೊರಗ ಕುಂತಿ?"

"ಫ್ಯಾನು ಹಾಳಾಯ್ತು ಅಣ್ಣ."

"ಫ್ಯಾನ್ ಪಾಪ ಏನ್ ಮಾಡೀತು? ಅಕಿ ಊರಿಗಿ ಹೋಗ್ಯಾಳಲ್ಲ. ಮ್ಯಾಲಿನ ಚೀಲಕ್ಕ ನೀರ ಯಾರ ಹಾಕ್ಬೇಕು?"

ನಾನು ಏಣಿ ಹತ್ತಿ ನೋಡಿದೆ. ಮಾಡಿನ ಹಿಂಬದಿಯ ಇಳಿಜಾರಿನಲ್ಲಿ ಗೋಣಿಚೀಲಗಳು, ಹಪ್ಪಳದ ಹಾಗೆ ಒಣಗಿದ್ದವು. ಮಲ್ಲಣ್ಣ ಮಾರ್ಕೆಟ್ಟಿನಿಂದ ತಂದ ಹರಕು ಚೀಲಗಳು. ಸ್ಟೇಶನ್ನಿನಿಂದ ಬರುವಾಗ ದೂರದಿಂದ ಅವು ಕಂಡದ್ದುಂಟು, ಒಣಗಲು ಹಾಕಿದ್ದಾರೆ ಎಂದುಕೊಂಡಿದ್ದೆ. ಹತ್ತಿರದಿಂದ ಈಗಲೇ ನೋಡಿದ್ದು: ಚೀಲ ಹಾಸಿದ್ದು ನನ್ನ ಖೋಲಿಯ ಮೇಲೆ ಮಾತ್ರ. ನೀಲಕ್ಕನ ಅರ್ಧ ಬರಿಯ ಶೀಟು, ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು.

ದೂರದ ಬೋರ್‌ವೆಲ್ಲಿನಿಂದ ನಾಲ್ಕು ಕೊಡ ನೀರು ಹೊತ್ತು ತಂದು ಸುರಿದೆ. ಒಂದು ತಾಸಿಗೆಲ್ಲ ಒಣಗಿತು. ಮತ್ತೆ ತರುವಷ್ಟರಲ್ಲಿ ನನ್ನ ಸೊಂಟ ಬಿತ್ತು. ಅಂದರೆ ನಾನು ಮಲಗಿದ ಒಂದೊಂದು ದಿನವೂ ಅವರು ಮೂರು ನಾಲ್ಕು ಸಲ ಆ ಏಣಿ ಹತ್ತಿ ಇಳಿದಿದ್ದಾರೆ. ನಲ್ಲಿ ಬರುತ್ತಿದ್ದದ್ದು ನಸುಕಿಗೆ ಮುಕ್ಕಾಲು ತಾಸು. ಆ ಸಾಲಿನಲ್ಲಿ ನಿಂತು ಹಿಡಿದ ನೀರು. ಒಂದು ದಿನವೂ ನನಗೆ ಏಣಿಯ ಸದ್ದು ಕೇಳಿಸಿರಲಿಲ್ಲ.

ನೀಲಕ್ಕ ಊರಿಂದ ಬಂದ ದಿನ ಬಾಗಿಲಲ್ಲೇ ಹಿಡಿದೆ. "ಅಲ್ಲ ಅಕ್ಕ, ನಿಮ್ಮ ಅರ್ಧ ಬಿಸಿಲಿಗೆ ಬಿಟ್ಟು ನನ್ನದಕ್ಕೆ ಯಾಕೆ?"

ಅವರು ಗಂಟು ಬಿಚ್ಚಿ ನನಗೆಂದು ತಂದ ಮದುವೆಯ ಉಂಡಿ ತೆಗೆಯುತ್ತ, ತಲೆ ಎತ್ತದೆ ಹೇಳಿದರು: "ನಮ್ಮದು ರಾತ್ರಿ ನಿದ್ದಿ. ಆವಾಗ ದೇವ್ರ ಪತ್ರಾ ಆರಸ್ತಾನ. ನಿನ್ನ ಹಗಲ ನಿದ್ದಿಗಿ ಯಾರರ ಮನಷ್ಯಾರ ಬೇಕಲ್ಲೋ."

ನಾನು ಉಂಡಿ ತಿಂದೆ, ಅಷ್ಟೇ. ಎರಡು ವರ್ಷದ ಮೇಲೆ ಮಹಾಪೆಯಲ್ಲಿ ಹಗಲು ಕೆಲಸ ಸಿಕ್ಕಿ ಖೋಲಿ ಬಿಡುವಾಗ, ಮಹಾದಾನಿಯ ಹಾಗೆ ಆ ಫ್ಯಾನನ್ನು ನೀಲಕ್ಕನಿಗೆ ಕೊಟ್ಟು ಬಂದೆ. ಫ್ಯಾನು! ಪ್ರತಿ ದೀಪಾವಳಿಗೆ ಫೋನು ಮಾಡುತ್ತೇನೆ. ಆರೋಗ್ಯ, ಮಳೆ, ಮಕ್ಕಳು ಎಲ್ಲ ಮಾತಾಡುತ್ತೇವೆ; ಆ ನೀರಿನ ಮಾತು ಮಾತ್ರ ನನ್ನ ಬಾಯಿಂದ ಬಂದಿರಲಿಲ್ಲ.

ಮೊನ್ನೆ ಕಿಟಕಿ ಮುಚ್ಚಿದವನು ಮಂಚದ ಅಂಚಿಗೆ ಕೂತು ಫೋನು ತೆಗೆದೆ.

"ಏನೋ ತಮ್ಮಾ, ದೀಪಾವಳಿ ಇಲ್ಲ ಏನಿಲ್ಲ?"

"ಅಕ್ಕ," ಎಂದೆ, ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟೆ. "ಅವತ್ತು ನೀವು ಗೋಣಿಗೆ ನೀರು ಹಾಕದಿದ್ದರೆ ನನ್ನ ಬೆರಳು ಉಳೀತಿರಲಿಲ್ಲ. ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲ ನಾನು. ನಿಮ್ಮ ಋಣ ದೊಡ್ಡದು ಅಕ್ಕ."

ಆ ಕಡೆ ಯಾರೋ ಟೀವಿ ಸಣ್ಣ ಮಾಡಿದರು. ಆಮೇಲೆ ನೀಲಕ್ಕನ ಅದೇ ಹಳೆಯ ನಗು.

"ಅಯ್ಯ ಇವನ! ಅವತ್ತ ಪತ್ರಾ ಎಲ್ಲೈತಿ ಅಂತ ಮನಿ ತುಂಬ ಹುಡುಕಿದ್ಯಲ್ಲ? ಇವತ್ತ ಬಂತ ನೋಡೋ, ನನಗ."

ಫೋನಿಟ್ಟು ಕಣ್ಣು ಒರೆಸಿಕೊಂಡೆ. ಮಗಳು ರಜಾಯಿಯೊಳಗಿಂದ ಎಲ್ಲ ಕೇಳಿಸಿಕೊಂಡಿದ್ದಳು. ಎದ್ದಳು, ಎಸಿ ಆರಿಸಿದಳು, ಕಿಟಕಿ ಪೂರ್ತಿ ತೆರೆದಿಟ್ಟಳು.